ನರ್ಸಿಂಗ್ ಹೋಮ್ ಖರ್ಚು: ಸರ್ಕಾರದ ನೆರವು ಯಾರಿಗೆ?

ದಾವಣಗೆರೆ: ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಖಾಸಗಿ ಆಸ್ಪತ್ರೆ. ಅದು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ಉಂಟು. ಎಪಿಎಲ್‌ನವರಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇಕಡ 30 ಮಾತ್ರ.

ಹಲವರು ಮೊದಲು ದಾಖಲಾಗಿ, ಆಮೇಲೆ ಕಾರ್ಡು ಹುಡುಕುತ್ತಾರೆ. ಎಡವುವುದು ಅಲ್ಲೇ. ಮೊದಲು ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಕೊಡುತ್ತಾರೆ. ಪ್ರಾಣಾಪಾಯದ ತುರ್ತಿನಲ್ಲಿ ಈ ಪತ್ರ ಬೇಕಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ತಿಂಗಳುಗಟ್ಟಲೆ ಇರಿಸಿ ನೋಡಿಕೊಳ್ಳುವ ಖರ್ಚು ಮಾತ್ರ ಈ ಯೋಜನೆಯಲ್ಲಿ ಸಿಗದು.

ಮನೆ ಭೇಟಿಗೆ ಹೋಗುವ ಕಾರ್ಯಕರ್ತರು ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ಇದೆಯೇ ನೋಡಿಬಿಡಲಿ. ಒಂದರಲ್ಲಿ ಮೇರಿ, ಇನ್ನೊಂದರಲ್ಲಿ ಮರಿಯಮ್ಮ ಎಂದಿರುವುದು ನಮ್ಮವರಲ್ಲಿ ಹೊಸದೇನಲ್ಲ.