ಶತಮಾನೋತ್ಸವದ ಹಿಂದಿನ ಕೆಲಸ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇರುವ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ. ರಾಣಿಯ ಹೆಸರಿನ ಆ ಸಂಭ್ರಮವನ್ನು ಈಗ ಯಾರೂ ನೆನೆಯುವುದಿಲ್ಲ. ಆದರೆ 1891ರಲ್ಲಿ ಅಲ್ಲಿ ಓರಿಯೆಂಟಲ್ ಲೈಬ್ರರಿ ತೆರೆಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ ಅಲ್ಲಿನ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಗ್ರಂಥಾಲಯ ಅದರ ಮಡಿಲು ಸೇರಿತು. ಒಂದು ಹಬ್ಬದ ನೆಪದಲ್ಲಿ ಎದ್ದ ಗೋಡೆಗಳು ಇಷ್ಟಕ್ಕೆಲ್ಲ ಆಸರೆಯಾದವು.

ವಿಶ್ವವಿದ್ಯಾಲಯಗಳ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಅಮೃತ ಮಹೋತ್ಸವ, ಶತಮಾನೋತ್ಸವ ಎಂದರೆ ಶಾಮಿಯಾನ, ದೀಪಾಲಂಕಾರ, ಗಣ್ಯರ ಭಾಷಣ, ಸ್ಮರಣ ಸಂಚಿಕೆ ಎಂದೇ ನಮಗೆ ರೂಢಿ. ಅವೂ ಇರಲಿ. ಆದರೆ ಆ ವೇದಿಕೆಯ ಹಿಂದೆ ಮೂರು ನಾಲ್ಕು ವರ್ಷಗಳ ತಾಳ್ಮೆಯ ಕೆಲಸ ಇರಬೇಕಾಗುತ್ತದೆ, ಅದೊಂದು ಬೇರೆಯೇ ಕಸುಬು. ಶಿಕ್ಷಣ ಸಂಸ್ಥೆಯೊಂದು ತನ್ನ ಕಡತಗಳನ್ನೆಲ್ಲ ಬಿಚ್ಚಿ, ತಾನು ಏನೇನು ಮಾಡಿದೆ ಎಂದು ನೋಡಿಕೊಳ್ಳುವುದು ಹೆಚ್ಚುಕಡಿಮೆ ಇಂಥ ವರ್ಷಗಳಲ್ಲಿ ಮಾತ್ರ.

ಮೊದಲ ತೊಡಕು ತಾರೀಖಿನದು. ಮೈಸೂರು ವಿಶ್ವವಿದ್ಯಾಲಯದ ಹುಟ್ಟುಹಬ್ಬ ಜುಲೈ 27. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ವಿಶ್ವೇಶ್ವರಯ್ಯ ಆಗ ದಿವಾನರು. ಬ್ರಿಟಿಷರ ನೇರ ಆಡಳಿತದ ಹೊರಗೆ, ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಆದರೆ ಅದರ ಎರಡು ಕಂಬಗಳಾದ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದಕ್ಕಿಂತ ಹಳೆಯವು, ಮದರಾಸು ವಿಶ್ವವಿದ್ಯಾಲಯದ ಪದವಿಗೆ ಮಕ್ಕಳನ್ನು ತಯಾರು ಮಾಡುತ್ತಿದ್ದವು. ಆ ಹಿರಿತನವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳದೆ ವಿಶ್ವವಿದ್ಯಾಲಯ 1916ನ್ನೇ ಹಿಡಿಯಿತು. ಅದು ಸರಿಯಾದ ನಿಲುವೆಂದೇ ನನ್ನ ಭಾವನೆ.

ಇಟಲಿಯ ಬೊಲೊನ್ಯದಲ್ಲಿ ಇದು ಇಷ್ಟು ಸಲೀಸಾಗಿರಲಿಲ್ಲ. ಆ ವಿಶ್ವವಿದ್ಯಾಲಯವನ್ನು ಯಾರೋ ಒಬ್ಬರು ಒಂದು ದಿನ ಸ್ಥಾಪಿಸಿದ್ದಲ್ಲ. ಕಾನೂನು ಕಲಿಸುವವರು, ಕಲಿಯುವವರು ಸೇರುತ್ತ ಸೇರುತ್ತ ತಾನಾಗಿ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ಸವ ಮಾಡಬೇಕೆಂದಾಗ ಕವಿ ಕಾರ್ದುಚ್ಚಿ ಮುಂದಾಳತ್ವದ ಸಮಿತಿ 1088 ಎಂದು ತೀರ್ಮಾನಿಸಿ, 1888ರಲ್ಲಿ ಎಂಟುನೂರನೆಯ ವರ್ಷವನ್ನು ಆಚರಿಸಿತು. ನೂರು ವರ್ಷ ಕಳೆದು 1988ರಲ್ಲಿ ಒಂಬೈನೂರರ ಹಬ್ಬಕ್ಕೆ ಬೇರೆ ಬೇರೆ ದೇಶಗಳ ಕುಲಪತಿಗಳು ಅಲ್ಲಿ ಕೂಡಿ, ವಿಶ್ವವಿದ್ಯಾಲಯಗಳ ಸ್ವಾಯತ್ತತೆಯ ಸನ್ನದಿಗೆ ಸಹಿ ಹಾಕಿದರು. ‘ಮ್ಯಾಗ್ನಾ ಕಾರ್ಟಾ’ ಎಂದೇ ಹೆಸರಾದ ಆ ಸನ್ನದಿಗೆ ಈಗಲೂ ಹೊಸ ಹೊಸ ಸಂಸ್ಥೆಗಳು ಸಹಿ ಮಾಡುತ್ತಿವೆ. ಉತ್ಸವವೊಂದು ಇಷ್ಟು ದೂರ ಕೈಚಾಚಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತಾರೀಖು ಗಟ್ಟಿಯಾದ ಮೇಲೆ ದಾಖಲೆಯ ಕೋಣೆಯ ಬೀಗ ತೆಗೆಯಬೇಕು. ಕ್ಯಾಲಿಕೋ ಬಟ್ಟೆಯ ರಟ್ಟಿನ ದಪ್ಪ ದಪ್ಪ ಲೆಡ್ಜರುಗಳು, ಶಾಯಿಯಲ್ಲಿ ಬರೆದ ಅಂಕಗಳು, ಸೆನೆಟ್ ಸಭೆಗಳ ನಡಾವಳಿ, ಘಟಿಕೋತ್ಸವದ ಭಾಷಣಗಳ ಅಚ್ಚಾದ ಪ್ರತಿಗಳು, ಹೆಸರು ಬರೆಯದ ಗುಂಪು ಫೋಟೊಗಳು. ಕೊನೆಯ ಸಾಲಿನಲ್ಲಿ ನಿಂತ ಜವಾನ ಯಾರು, ಮುಂದೆ ಕುಳಿತ ಪ್ರೊಫೆಸರ್ ಯಾರು ಎಂದು ಹೇಳಬಲ್ಲವರು ಇರುವಾಗಲೇ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಸಿಕೊಳ್ಳಬೇಕು. ಕಾಗದವನ್ನು ಸ್ಕ್ಯಾನ್ ಮಾಡುವುದು ಸುಲಭ, ಅದಕ್ಕೆ ಮೊದಲು ವಿಂಗಡಿಸಿ ಪಟ್ಟಿ ಮಾಡುವುದಕ್ಕೆ ವರ್ಷಗಳು ಹಿಡಿಯುತ್ತವೆ. ತಾಳೆಗರಿಯದಂತೂ ಇನ್ನೂ ನಿಧಾನದ ಕೆಲಸ. ಗರಿಯೊಂದೊಂದನ್ನೂ ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆದು, ಸಿಟ್ರೊನೆಲ್ಲಾದಂಥ ಹುಲ್ಲಿನೆಣ್ಣೆ ಸವರುತ್ತಾರೆ. ಒಣಗಿ ಸಿಡಿಯುವಂತಾದ ಗರಿ ಮತ್ತೆ ಬಾಗುತ್ತದೆ, ಹುಳವೂ ಹತ್ತಿರ ಸುಳಿಯುವುದಿಲ್ಲ. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಕಾಣದಿದ್ದರೆ ಕಪ್ಪು ಮಸಿ ಸವರಿ ಒರೆಸುತ್ತಾರೆ. ಮೇಲಿನ ಮಸಿ ಹೋಗಿ, ಗೀರಿನೊಳಗೆ ನಿಂತ ಮಸಿಯಲ್ಲಿ ಸಾಲುಗಳು ಎದ್ದು ಬರುತ್ತವೆ. ಇದನ್ನು ಮಾಡುವ ಕೈಗಳಿಗೆ ಉತ್ಸವದ ಬಜೆಟ್ಟಿನಲ್ಲಿ ಮೊದಲ ಪಾಲು ಸಿಗಬೇಕು.

ದಾಖಲೆ ಸರಿಯಿದ್ದರೆ ಎಣಿಕೆಯೂ ಸರಿ. ಮೈಸೂರಿನ ಮೊದಲ ಘಟಿಕೋತ್ಸವ 1918ರ ಅಕ್ಟೋಬರಿನಲ್ಲಿ ನಡೆಯಿತು. ಭಾಷಣಕ್ಕೆ ಕಲ್ಕತ್ತೆಯಿಂದ ಸರ್ ಆಶುತೋಷ್ ಮುಖರ್ಜಿ ಬಂದಿದ್ದರು. ಪ್ರತಿವರ್ಷ ತಪ್ಪದೆ ನಡೆದಿದ್ದರೆ 2017ಕ್ಕೇ ನೂರಾಗಬೇಕಿತ್ತು. ನೂರನೆಯದು ನಡೆದದ್ದು 2020ರ ಅಕ್ಟೋಬರ್ 19ರಂದು, ಕೋವಿಡ್ ನಡುವೆ. ಹೀಗೆ ಒಂದೇ ಸಂಸ್ಥೆಗೆ, ಮೊದಲು ವಯಸ್ಸಿನದು ಆಮೇಲೆ ಘಟಿಕೋತ್ಸವದ್ದು ಎಂದು, ನಾಲ್ಕು ವರ್ಷದ ಅಂತರದಲ್ಲಿ ಎರಡು ನೂರು ಬಂದವು. ಮೊದಲ ನೂರರ ವರ್ಷ, 2016ರ ಜನವರಿಯಲ್ಲಿ, 103ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಬಂತು. ಆ ಕಾಂಗ್ರೆಸ್ಸಿನ 1914ರ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರೂ ಇದೇ ಆಶುತೋಷ್ ಮುಖರ್ಜಿ. ದೇಶಮಟ್ಟದ ಇಂಥ ಸಮ್ಮೇಳನ ಆ ವರ್ಷಕ್ಕೇ ಕೂಡಿಬರಬೇಕಾದರೆ ಬಹಳ ಮುಂಚೆಯೇ ಕೇಳಿಕೊಂಡಿರಬೇಕಾಗುತ್ತದೆ.

ಸಮಿತಿಗಳ ಮಾತು ಹೆಚ್ಚು ಬೇಡ. ಸಿಂಡಿಕೇಟಿನ ಒಪ್ಪಿಗೆ, ಕುಲಪತಿಗಳ ಅಧ್ಯಕ್ಷತೆ, ಊಟ-ವಸತಿ, ವೇದಿಕೆ, ಪ್ರಚಾರ, ಸ್ಮರಣ ಸಂಚಿಕೆಗೆ ಒಂದೊಂದು ಉಪಸಮಿತಿ: ಇದು ಎಲ್ಲ ಕಡೆಯೂ ಒಂದೇ. ಹಣದ ಮಾತನ್ನು ಮಾತ್ರ ಬಿಡುವಂತಿಲ್ಲ. ಪಿಂಚಣಿ ಹೊಂದಿಸುವುದಕ್ಕೇ ನಮ್ಮ ವಿಶ್ವವಿದ್ಯಾಲಯಗಳು ಪರದಾಡುತ್ತಿರುವ ದಿನಗಳಿವು. ಸರ್ಕಾರದ ವಿಶೇಷ ಅನುದಾನ ಬಂದರೂ ಬರುವುದು ಒಂದು ಸಲ, ಅದೂ ಕಟ್ಟಡಕ್ಕೆ. ಹಳೆಯ ವಿದ್ಯಾರ್ಥಿಗಳು ಕೊಡುವ ದತ್ತಿನಿಧಿ ಹಾಗಲ್ಲ. ಅಸಲು ಉಳಿದು ಬಡ್ಡಿಯಲ್ಲಿ ವರ್ಷವರ್ಷವೂ ಉಪನ್ಯಾಸವೋ ವಿದ್ಯಾರ್ಥಿವೇತನವೋ ನಡೆಯುತ್ತದೆ. ಹಿಂದಿನವರು ಕೆಲವೇ ಸಾವಿರ ಇಟ್ಟು ಚಿನ್ನದ ಪದಕ ಕೊಡಿ ಎಂದರು. ಇಂದಿನ ಚಿನ್ನದ ದರಕ್ಕೆ ಆ ಬಡ್ಡಿ ಯಾವ ಮೂಲೆಗೂ ಸಾಲದು. ಉತ್ಸವದ ವರ್ಷದಲ್ಲಿ ಇಂಥ ಹಳೆಯ ದತ್ತಿಗಳ ಮನೆಯವರನ್ನು ಹುಡುಕಿ, ನಿಧಿಯನ್ನು ಬೆಳೆಸಿಕೊಡಿ ಎಂದು ಕೇಳುವುದು ಹೊಸ ಸ್ಮಾರಕಕ್ಕಿಂತ ದೊಡ್ಡ ಉಪಕಾರ.

ಕಲ್ಕತ್ತ, ಮುಂಬಯಿ, ಮದರಾಸು ಮೂರೂ ವಿಶ್ವವಿದ್ಯಾಲಯಗಳಿಗೆ 1957ರಲ್ಲಿ ಒಟ್ಟಿಗೆ ನೂರಾಯಿತು. ಅಂಚೆ ಇಲಾಖೆ ಮೂರು ಚೀಟಿಗಳನ್ನು ತಂದಿತು. ಕಲ್ಕತ್ತದಲ್ಲಿ ಶತಮಾನೋತ್ಸವದ ಹೆಸರಿನ ಕಟ್ಟಡ ಎದ್ದಿತು, ಮದರಾಸಿನಲ್ಲಿ ಸಭಾಂಗಣ. ಮೈಸೂರಿಗೆ ಐವತ್ತು ತುಂಬಿದ 1966ರಲ್ಲಿ ಹುಟ್ಟಿದ್ದು ಕನ್ನಡ ಅಧ್ಯಯನ ಸಂಸ್ಥೆ. 1969ರಲ್ಲಿ ಅಲ್ಲಿಂದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು, ಮುಂದೆ ಹದಿನಾಲ್ಕಾಯಿತು. ಹಳ್ಳಿಯ ಶಾಲೆಯ ಕಪಾಟಿನಲ್ಲಿ ಆ ಸಂಪುಟ ತೆರೆದು ಓದಿದವರಿಗೆ ಇದರ ಬೆಲೆ ಗೊತ್ತು. ಈ ಸಾಲಿನ ಕೆಲಸಗಳು ಉತ್ಸವದ ಯೋಜನೆಯಲ್ಲಿ ಮೊದಲ ಪುಟದಲ್ಲಿರಬೇಕು, ಲಾಂಛನ ಮತ್ತು ಸ್ವಾಗತ ಕಮಾನು ಆಮೇಲೆ.

ಆಮಂತ್ರಣ ಪಟ್ಟಿಯಲ್ಲೂ ಒಂದು ಸೂಕ್ಷ್ಮ ಇದೆ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಮೈಸೂರಿನಿಂದ ಬೇರೆಯಾದವು. 1975ರಲ್ಲಿ ಉಡುಪಿಯಲ್ಲೋ ಶಿವಮೊಗ್ಗದಲ್ಲೋ ಬಿ.ಎ. ಮಾಡಿದವರ ಪದವಿ ಪತ್ರದಲ್ಲಿರುವುದು ಮೈಸೂರಿನ ಗಂಡಭೇರುಂಡ ಲಾಂಛನ. ಈಗಿನ ಜಿಲ್ಲೆಗಳ ಗಡಿ ನೋಡಿ ಕರೆದರೆ ಅವರೆಲ್ಲ ಹೊರಗೆ ಉಳಿಯುತ್ತಾರೆ.

ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾಲಯಗಳೆರಡಕ್ಕೂ 2030ಕ್ಕೆ ಐವತ್ತು. ಎರಡೂ ಸ್ನಾತಕೋತ್ತರ ಕೇಂದ್ರಗಳಾಗಿ ಬೆಳೆದವು: ಮಂಗಳೂರಿನದು 1968ರಲ್ಲಿ ಮೈಸೂರಿನ ಕೇಂದ್ರವಾಗಿ, ಎಸ್.ವಿ. ಪರಮೇಶ್ವರ ಭಟ್ಟರ ನೇತೃತ್ವದಲ್ಲಿ. ಕಲಬುರಗಿಯದು 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರವಾಗಿ. ಕಾಯ್ದೆಯ ತಾರೀಖಿಗೆ ಹಬ್ಬ ಮಾಡಿದರೂ ಆ ಹತ್ತು ಹನ್ನೆರಡು ವರ್ಷಗಳ ಕಥೆ ಪುಸ್ತಕದಲ್ಲಿ ಸೇರಬೇಕು. ಆ ಕೇಂದ್ರಗಳು ಶುರುವಾದಾಗ ಇಪ್ಪತ್ತೊಂದರ ಹರೆಯದಲ್ಲಿ ಎಂ.ಎ.ಗೆ ಸೇರಿದವರು 2030ಕ್ಕೆ ಎಂಬತ್ತು ದಾಟಿರುತ್ತಾರೆ. ಅವರಿಗೆ ಪಾಠ ಹೇಳಿದವರಲ್ಲಿ ಹಲವರು ಈಗಾಗಲೇ ಇಲ್ಲ. ಕಟ್ಟಡವಿಲ್ಲದ ದಿನಗಳಲ್ಲಿ ತರಗತಿ ಎಲ್ಲಿ ನಡೆಯಿತು, ಹಾಸ್ಟೆಲಿನಲ್ಲಿ ಯಾರು ಅಡುಗೆ ಮಾಡುತ್ತಿದ್ದರು, ಮೊದಲ ಬಸ್ಸು ಎಷ್ಟು ಹೊತ್ತಿಗೆ ಬರುತ್ತಿತ್ತು ಎಂಬುದು ಯಾವ ನಡಾವಳಿಯಲ್ಲೂ ಇರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ರೆಕಾರ್ಡರ್, ಪ್ರಶ್ನೆ ಕೇಳಬಲ್ಲ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಮನೆಮನೆಗೆ ಹೋಗಿಬರುವ ಖರ್ಚು. ಈ ಕೆಲಸ ಸಮಿತಿ ರಚನೆಯಾಗುವವರೆಗೆ ಕಾಯಬೇಕಿಲ್ಲ, ಕನ್ನಡ ಮತ್ತು ಇತಿಹಾಸ ವಿಭಾಗಗಳು ಈ ವರ್ಷವೇ ಶುರು ಮಾಡಬಹುದು.