ಟೂಡೂ ಸಾಲಿಗೊಬ್ಬ ವಾರಸುದಾರ

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಹಾದು ತಾಂಡೂರಿನತ್ತ ಸಾಗುವ ಈ ಹಳಿಯ ಯಾವುದೋ ತುಂಡು ದುರಸ್ತಿಯಲ್ಲಿದೆ ಅನ್ನಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ವೇಗ ಎಂದು ಇಂಜಿನಿಯರಿಂಗ್ ವಿಭಾಗದವರು ತಿಳಿಸುತ್ತಾರೆ. ಸ್ಟೇಷನ್ ಮಾಸ್ಟರ್ ಅದನ್ನು 'ಕಾಶನ್ ಆರ್ಡರ್' ಆಗಿ ಬರೆದುಕೊಟ್ಟು ಲೋಕೋ ಪೈಲಟ್‌ನ ಸಹಿ ಪಡೆಯುತ್ತಾರೆ. ಹೇಳುವಂಥದ್ದು ಏನೂ ಇಲ್ಲದಿದ್ದರೆ 'ನಿಲ್' ಎಂಬ ಚೀಟಿಯಾದರೂ ಬೇಕು. ಹಳಿ ಸರಿಹೋಯಿತೆಂದು ಸಂಬಂಧಪಟ್ಟವರೇ ಹೇಳುವತನಕ ನಿರ್ಬಂಧ ಅಳಿಯುವುದಿಲ್ಲ.

ಇದೇ ಹಳಿಯ ಮೇಲೆ ಹೈದರಾಬಾದಿಗೆ ಹೋಗಿ ಸಾಫ್ಟ್‌ವೇರ್ ಬರೆಯುವ ನಮ್ಮ ಹುಡುಗರ ಕೈಯಲ್ಲಿ ಇಂಥ ಶಿಸ್ತು ಬಹುಕಾಲ ಇರಲಿಲ್ಲ. 'ಈಗ ಹೀಗಿರಲಿ, ಆಮೇಲೆ ಸರಿಮಾಡೋಣ' ಎಂದು ಕೋಡ್ ಪಕ್ಕದಲ್ಲಿ ಒಂದು ಕಾಮೆಂಟ್. ಅದರ ತಲೆಗೆ 'ಟೂಡೂ' ಅಥವಾ 'ಫಿಕ್ಸ್‌ಮಿ'. ಕಾಮೆಂಟನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಮರೆಯುತ್ತಾರೆ. 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೊ 11ರ ಕೋಡ್‌ನಲ್ಲೂ, ಇದು ತಾತ್ಕಾಲಿಕವಾಗಿರಲೆಂದು ಹಾರೈಸುವ ಟಿಪ್ಪಣಿಯೊಂದಿದೆ. ಆ ತಾತ್ಕಾಲಿಕ ಹಾಗೆಯೇ ಚಂದ್ರನನ್ನು ತಲುಪಿತು!

ಅತ್ತ 1998ರಲ್ಲಿ ಬಂದ ಬಗ್‌ಜಿಲ್ಲಾದಂಥ ವ್ಯವಸ್ಥೆಗಳಲ್ಲಿ ಪ್ರತಿ ದೋಷಕ್ಕೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ, 'ತೆರೆದಿದೆ–ಮುಗಿದಿದೆ' ಎಂಬ ಸ್ಥಿತಿ ಇತ್ತು. ಆದರೆ ಆ ಕಡತ ಬೇರೆ, ಕೋಡ್ ಬೇರೆ. ಎಕ್ಲಿಪ್ಸ್‌ನಂಥ ಎಡಿಟರ್‌ಗಳು ಟೂಡೂಗಳನ್ನು ಹೆಕ್ಕಿ ಪಟ್ಟಿಮಾಡಿ ತೋರಿಸಿದವು. ಪಟ್ಟಿ ನೋಡಿದವರು ಪಟ್ಟಿ ಮುಚ್ಚಿದರು. 2005ರಲ್ಲಿ ಪೈಥಾನ್ ಭಾಷೆಯ ಸಮುದಾಯದ ಮುಂದೆ, ಇಂಥ ಗುರುತುಗಳಿಗೆಲ್ಲ ಹೊಣೆಗಾರ, ದಿನಾಂಕ ಸೇರಿಸಿ ಒಂದೇ ನಿಯಮ ತರುವ ಪ್ರಸ್ತಾಪ ಬಂತು. ತಿರಸ್ಕೃತವಾಯಿತು. ಕೋಡ್ ಬರೆಯುವವರಿಗೆ ಅರ್ಜಿ ನಮೂನೆ ತುಂಬಿಸುವ ಉತ್ಸಾಹ ಎಲ್ಲಿಂದ ಬರಬೇಕು?

ದಾರಿ ತೆರೆದದ್ದು ಬೇರೆ ಕಡೆಯಿಂದ. 2008ರಲ್ಲಿ ಶುರುವಾದ, ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಕೋಡ್ ಮತ್ತು ಕೆಲಸದ ಪಟ್ಟಿ ಒಂದೇ ಸೂರಿನಡಿ ಬಂದವು. ಹತ್ತು ವರ್ಷಗಳ ನಂತರ ಪ್ರಕಟವಾದ 'ಆಕ್ಷನ್ಸ್' ಸೌಲಭ್ಯದಿಂದ, ಕೋಡ್ ಸೇರಿಸಿದ ಕ್ಷಣವೇ ತನಗೆ ಬೇಕಾದ ಪ್ರೋಗ್ರಾಂ ಓಡಿಸುವುದು ಯಾರಿಗಾದರೂ ಸಾಧ್ಯವಾಯಿತು. ಟೂಡೂಗಳನ್ನು ಹಿಡಿಯುವ ಪ್ರೋಗ್ರಾಂನ ಉಪಾಯ ಸರಳ. ಇಡೀ ಕೋಡ್ ಓದುವ ಬದಲು ಹಿಂದಿನ ಆವೃತ್ತಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಓದುವುದು. ಹೊಸ ಟೂಡೂ ಸಾಲು ಕಂಡರೆ ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ಕೆಲಸದ ಪಟ್ಟಿಯಲ್ಲಿ 'ಟಿಕೆಟ್' ಎಂಬ ನಮೂದು ತೆರೆಯುವುದು. ಸಾಲು ಅಳಿಸಿದ್ದರೆ ಟಿಕೆಟ್ ಮುಚ್ಚುವುದು.

ತೊಡಕು ಇಲ್ಲೇ. ಸಾಲನ್ನು ಒಂದು ಕಡತದಿಂದ ಇನ್ನೊಂದಕ್ಕೆ ಸರಿಸಿದರೂ ಯಂತ್ರಕ್ಕೆ ಅದು ಒಂದು ಅಳಿವು, ಒಂದು ಹುಟ್ಟು. ಹಳೆಯ ಟಿಕೆಟ್ ಮುಚ್ಚುತ್ತದೆ, ಅದರಲ್ಲಿ ನಡೆದಿದ್ದ ಚರ್ಚೆಯೂ ಅದರೊಂದಿಗೆ ಮೂಲೆ ಸೇರುತ್ತದೆ. ಅದಕ್ಕೇ ಕೆಲವು ಉಪಕರಣಗಳು ಟಿಕೆಟ್ ಸಂಖ್ಯೆಯನ್ನು ಮರಳಿ ಕಾಮೆಂಟಿಗೇ ಅಂಟಿಸುತ್ತವೆ. ಸಾಲು ಎಲ್ಲಿಗೆ ಹೋದರೂ ಸಂಖ್ಯೆ ಜೊತೆಗಿರುತ್ತದೆ. ನನಗೆ ಇದೇ ಸರಿಯಾದ ದಾರಿ ಅನ್ನಿಸುತ್ತದೆ.

ಆದರೂ ಸಾಲು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಂಬುವ ಯಂತ್ರದ ಬಗ್ಗೆ ಅನುಮಾನ ಉಳಿದೇ ಇದೆ. ವಾಡಿ ಮಾರ್ಗದಲ್ಲಿ ಚೀಟಿ ಹರಿದುಹಾಕಿ ಯಾರೂ ವೇಗ ಹೆಚ್ಚಿಸುವಂತಿಲ್ಲ. ಕೋಡ್‌ನಲ್ಲಿ ಮಾತ್ರ ದೋಷ ಹಾಗೇ ಇರುವಾಗಲೂ ಟೂಡೂ ಸಾಲು ಅಳಿಸಬಹುದು, ಟಿಕೆಟ್ ತಂತಾನೇ 'ಮುಗಿದಿದೆ' ಆಗಿಬಿಡುತ್ತದೆ.