ತಾಷ್ಕೆಂಟಿನ ಹತ್ತಿಯೂ ಧಾರವಾಡದ ಓದುಗನೂ

ಹುಬ್ಬಳ್ಳಿ-ಧಾರವಾಡದ ಎರೆಹೊಲಗಳು ಬಲ್ಲ ಜಯಧರ ಹತ್ತಿಯೂ ಅಮೆರಿಕ ಮೂಲದ ಲಕ್ಷ್ಮಿ ಹತ್ತಿಯೂ ಒಂದೇ ಕುಲದವಾದರೂ, ಅವುಗಳ ಸಂಕರದಿಂದ ಹುಟ್ಟಿದ ಗಿಡವು ಬಹುಮಟ್ಟಿಗೆ ಬಂಜೆಯಾಗುವುದು. ಏಕೆಂದರೆ ಮೊದಲನೆಯದರ ಜೀವಕೋಶದಲ್ಲಿ 26 ವರ್ಣತಂತುಗಳೂ ಎರಡನೆಯದರಲ್ಲಿ 52 ವರ್ಣತಂತುಗಳೂ ಇದ್ದು, ಸಂತತಿಗೆ ಬರುವ 39ರಲ್ಲಿ ಎಲ್ಲಕ್ಕೂ ಸರಿಜೊತೆ ದೊರೆಯದು. 1972ರಲ್ಲಿ ಧಾರವಾಡದ ತಳಿವಿಜ್ಞಾನಿಗಳು ರೈತರ ಕೈಗಿತ್ತ ವರಲಕ್ಷ್ಮಿ ಫಲವತಿಯಾದುದು, ಅದರ ತಾಯಿತಂದೆಗಳಾದ ಲಕ್ಷ್ಮಿ ಮತ್ತು ನೀಳವಾದ ಎಳೆಯ ಬಾರ್ಬಡೆನ್ಸ್ ಹತ್ತಿಗಳೆರಡರಲ್ಲಿಯೂ 52 ವರ್ಣತಂತುಗಳೇ ಇದ್ದುದರಿಂದ.

ಇದಕ್ಕೆ ಅರ್ಧಶತಮಾನ ಮೊದಲೇ ತಾಷ್ಕೆಂಟಿನಲ್ಲಿ ಜಿ. ಎಸ್. ಜೈತ್ಸೆವ್ ಎಂಬ ವಿಜ್ಞಾನಿ ಹತ್ತಿಯ ಸಂಕರಗಳನ್ನು ನಿಷ್ಠೆಯಿಂದ ಅಭ್ಯಸಿಸುತ್ತಿದ್ದರು. ಏಷ್ಯದ ಹಾಗೂ ಅಮೆರಿಕದ ಹತ್ತಿಗಳ ಸಂಕರವನ್ನು ಕುರಿತ ಅವರ ಕಿರುಲೇಖನವೊಂದು 1925ರಲ್ಲಿ ಭಾರತದ ಕೃಷಿಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ಆದರೆ ಆ ಸೀಮೆಯ ಹತ್ತಿಶಾಸ್ತ್ರದ ಬೃಹದ್ರಾಶಿ ರಷ್ಯನ್ನಿನಲ್ಲಿಯೇ ಇದೆ. ಅದನ್ನು ಓದಲರಿಯದ ನಮ್ಮ ಸಂಶೋಧಕನು ಅದರ ಬಾಗಿಲಲ್ಲಿ ನಿಂತು ಏನು ಮಾಡಬೇಕು?

ಕೈಲಾಗದೆಂದು ಹಿಂದಿರುಗುವ ಕಾರಣವಿಲ್ಲ. ಸಸ್ಯಗಳ ಲ್ಯಾಟಿನ್ ನಾಮಗಳನ್ನು ರಷ್ಯನ್ ಲೇಖಕರೂ ರೋಮನ್ ಲಿಪಿಯಲ್ಲಿಯೇ ಬರೆಯುವರು. ಅಂಕಿಗಳು ನಾವು ಬಳಸುವವೇ. 33 ಅಕ್ಷರಗಳ ವರ್ಣಮಾಲೆಯನ್ನು ಕಲಿತರೆ ತಳಿಗಳ ಮತ್ತು ಊರುಗಳ ಹೆಸರುಗಳು ತಾವಾಗಿ ಓದಿಸಿಕೊಳ್ಳುವುವು. ಲೇಖನದ ಕೊನೆಯ ಗ್ರಂಥಸೂಚಿಯು ಮುಂದೆ ಅರಸಬೇಕಾದವರ ಹೆಸರುಗಳನ್ನು ತಿಳಿಸುವುದು. ರಷ್ಯದ ಸಸ್ಯವಿಜ್ಞಾನಿ ವಾವಿಲೋವರ ಸಂಸ್ಥೆಯ ಪತ್ರಿಕೆಯಲ್ಲಿ ರಷ್ಯನ್ ಪ್ರಬಂಧಗಳ ತುದಿಗೆ ಇಂಗ್ಲಿಷ್ ಸಾರಾಂಶವನ್ನು ಜೋಡಿಸುವ ಪರಿಪಾಠವಿತ್ತು. ಭಾಷೆಯ ಗಡಿಯಾಚೆಯ ಓದುಗನನ್ನು ನೆನೆದ ಆ ಸೌಜನ್ಯವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಆದರೆ ಕೋಷ್ಟಕವನ್ನು ಓದಿದವನು ಪ್ರಯೋಗವನ್ನು ಓದಿದಂತಾಗಲಿಲ್ಲ. ತಾಷ್ಕೆಂಟಿನ ಹತ್ತಿ ಕಾಲುವೆಯ ನೀರನ್ನು ಕುಡಿದು, ಬೇಸಗೆಯ ದೀರ್ಘವಾದ ಹಗಲುಗಳಲ್ಲಿ ಬೆಳೆಯುವ ಪೈರು. ನಮ್ಮ ಜಯಧರವಾದರೋ ಮಳೆಯನ್ನೂ ಎರೆಮಣ್ಣು ಹಿಡಿದಿಟ್ಟ ತೇವವನ್ನೂ ನಂಬಿದ್ದು. ಈ ಭೇದವು ಅಂಕಿಗಳಲ್ಲಿ ಕಾಣದೆ, ಪ್ರಯೋಗಕ್ರಮವನ್ನು ಹೇಳುವ ನೀರಸವಾದ ವಾಕ್ಯಗಳಲ್ಲಿ ಅಡಗಿರುತ್ತದೆ. ಅಲ್ಲಿನ ಒಂದು ನಿಷೇಧಾರ್ಥಕ ಪದ ಕಣ್ತಪ್ಪಿದರೂ ತೀರ್ಮಾನವು ತಲೆಕೆಳಗಾದೀತು. ಇಂದಿನ ಯಂತ್ರಾನುವಾದವು ತಪ್ಪನ್ನೂ ಸುಲಲಿತವಾಗಿಯೇ ನುಡಿಯುವುದರಿಂದ ಈ ಅಪಾಯವು ಕಡಮೆಯಾಗಿಲ್ಲ.

ಆದುದರಿಂದ ಯಂತ್ರದ ಅನುವಾದವನ್ನು ದಾರಿ ತೋರಲು ಮಾತ್ರ ಇಟ್ಟುಕೊಂಡು, ಪ್ರಯೋಗಕ್ರಮದ ಪುಟಗಳನ್ನಾದರೂ ರಷ್ಯನ್ ಬಲ್ಲವರೊಡನೆ ಹತ್ತಿಯನ್ನು ಬಲ್ಲವರು ಕುಳಿತು ಓದಬೇಕೆಂಬುದೇ ನನ್ನ ದೃಢವಾದ ಅಭಿಪ್ರಾಯ. ಎಷ್ಟು ಸಲ ನೀರು ಹಾಯಿಸಿದರು, ಎಂದು ಬಿತ್ತಿದರು ಎಂಬುದನ್ನು ಹತ್ತಿಯವರು ಕೇಳಲೇಬೇಕು. ಇಳುವರಿಯೆಂದು ಕೊಟ್ಟ ತೂಕವು ಬೀಜಸಹಿತವಾದ ಹತ್ತಿಯದೋ ಬರಿಯ ಅರಳೆಯದೋ ಎಂದೂ ಕೇಳಬೇಕು, ಏಕೆಂದರೆ ಬೀಜವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಅರಳೆಯು ಮೊದಲಿನ ತೂಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ.